ಬೋರ್ಡೋ ಸೀಮೆಯ ದ್ರಾಕ್ಷಿಗಳು

ಫ್ರಾನ್ಸಿನ ನೈಋತ್ಯದಲ್ಲಿ ಗರೋನ್, ದೋರ್ದೋನ್ ನದಿಗಳು ಕೂಡಿ ಅಳಿವೆಯಾಗಿ ಸಮುದ್ರವನ್ನು ಸೇರುವ ಸೀಮೆಯೇ ಬೋರ್ಡೋ. ಅಲ್ಲಿಯ ಮದ್ಯವನ್ನು ನಾವು ಮುಟ್ಟಿದವರಲ್ಲ. ಬಳ್ಳಿಗಳ ವಂಶಕಥೆಯನ್ನು ಹೇಳುವುದಕ್ಕೆ ಅಡ್ಡಿಯಿಲ್ಲವಷ್ಟೆ. ಎಡದಂಡೆಯದು ಗರಸು ನೆಲ. ನೀರು ನಿಲ್ಲದು, ಹಗಲಿನ ಕಾವನ್ನು ಕಲ್ಲುಗಳು ಹಿಡಿದಿಡುತ್ತವೆ. ತಡವಾಗಿ ಮಾಗುವ ಕಾಬರ್ನೇ ಸೋವಿನ್ಯೋನ್ ಜಾತಿಗೆ ಇದು ಹಿತ. ಬಲದಂಡೆಯ ತಂಪು ಜೇಡಿಯಲ್ಲಿ ಬೇಗ ಮಾಗುವ ಮೆರ್ಲೋವಿನದೇ ಮೇಲುಗೈ.

ಇವುಗಳ ಬಂಧುವೊಂದು ಉಂಟು: ಕಾರ್ಮೆನೇರ್. 1860ರ ದಶಕದಲ್ಲಿ ಅಮೆರಿಕದಿಂದ ಬಂದ ಫಿಲಾಕ್ಸೆರ ಎಂಬ ಸಸ್ಯಹೇನು ಫ್ರಾನ್ಸಿನ ಬಳ್ಳಿಗಳ ಬೇರನ್ನು ಹಾಳುಮಾಡತೊಡಗಿತು. ಕಡೆಗೆ ಹೇನಿನ ತವರಿನ ಬೇರನ್ನೇ ತರಿಸಿ, ಅದಕ್ಕೆ ಫ್ರೆಂಚ್ ಕುಡಿಯನ್ನು ಕಸಿಮಾಡಿ ತೋಟಗಳನ್ನು ಉಳಿಸಿಕೊಂಡರು. ಆದರೆ ಹೂವುದುರಿಸಿ ಕಾಯಿಕಚ್ಚದ ಚಾಳಿಯಿದ್ದ ಕಾರ್ಮೆನೇರನ್ನು ಮರಳಿ ನೆಟ್ಟವರು ವಿರಳ. ಅದು ಅಳಿಯಿತೆಂದೇ ಬಹುಮಂದಿ ಭಾವಿಸಿದರು.

1994ರಲ್ಲಿ ಫ್ರೆಂಚ್ ದ್ರಾಕ್ಷಿತಜ್ಞರಾದ ಝಾನ್ ಮಿಷೆಲ್ ಬುರ್ಸಿಕೋ ಅವರು ಚಿಲಿ ದೇಶದಲ್ಲಿ ಮೆರ್ಲೋ ಎನಿಸಿಕೊಂಡಿದ್ದ ಬಳ್ಳಿಗಳನ್ನು ಪರೀಕ್ಷಿಸಿ, ಇವು ಕಾರ್ಮೆನೇರ್ ಎಂದು ಗುರುತಿಸಿದರು. ಹಿಂದಿನ ಶತಮಾನದಲ್ಲಿ ಕಡಲು ದಾಟಿದ್ದ ಕಡ್ಡಿಗಳ ಸಂತತಿ ಅದು! ಅದುವರೆಗೆ ಮೆರ್ಲೋವಿನೊಡನೆಯೇ ಕೊಯ್ಯುತ್ತಿದ್ದುದರಿಂದ ತಡವಾಗಿ ಮಾಗುವ ಆ ಹಣ್ಣಿನಲ್ಲಿ ಹಸಿರುವಾಸನೆ ಉಳಿಯುತ್ತಿದ್ದಿತು. ಹೆಸರು ತಿಳಿದ ಮೇಲೆ ಕೊಯ್ಲನ್ನು ಕೆಲವು ವಾರ ಮುಂದೂಡಿದರು.