ಮೈಸೂರಿಗೆ ಹೋದಿರಿ, ಏನು ನೋಡಿದಿರಿ?

"ಮೈಸೂರಿಗೆ ಎಷ್ಟು ಸಲ ಹೋಗಿದ್ದೀರಿ?" ಎಂದು ಯಾರಾದರೂ ಕೇಳಿದರೆ ಥಟ್ಟನೆ "ಏಳೆಂಟು ಸಲ" ಎನ್ನುತ್ತಿದ್ದೆ. "ಏನೇನು ನೋಡಿದಿರಿ?" ಎಂದರೆ ಮಾತ್ರ ಬಾಯಿ ಕಟ್ಟುತ್ತಿತ್ತು. ನಾನು ನೋಡಿದ್ದು ಮದುವೆ ಛತ್ರಗಳು, ಚಿಕ್ಕಮ್ಮನ ಮನೆಯ ಅಡುಗೆಮನೆ, ಮತ್ತೆ ಬಸ್ ಸ್ಟ್ಯಾಂಡು! ನಮ್ಮಲ್ಲಿ ಬಹಳ ಮಂದಿ ಗೃಹಿಣಿಯರ ಪಾಡು ಇದೇ ಅಲ್ಲವೇ? ಯಾವ ಊರಿಗೆ ಹೋದರೂ ಸೌಟು ನಮ್ಮ ಕೈ ಬಿಡುವುದಿಲ್ಲ.

ಈ ಸಲ ಹಾಗಾಗಕೂಡದೆಂದು ನಾನೂ ನಮ್ಮತ್ತೆಯವರೂ ಇಬ್ಬರೇ ಹೊಳೆನರಸೀಪುರದಿಂದ ಒಂದು ಶನಿವಾರ ಬೆಳಿಗ್ಗೆ ಹೊರಟುಬಿಟ್ಟೆವು. 2023ರ ಜೂನ್‌ನಿಂದ ರಾಜ್ಯದ ಹೆಂಗಸರಿಗೆ ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ಚಾರ್ಜು ಇಲ್ಲವಲ್ಲ. ಆಧಾರ್ ಕಾರ್ಡು ಕೈಚೀಲದಲ್ಲಿದ್ದರಾಯಿತು.

ಮೊದಲು ಕೇಳಿ, ಆಮೇಲೆ ಹೊರಡಿ

ಹೊರಡುವ ಹಿಂದಿನ ದಿನ ಅತ್ತೆಯವರನ್ನು ಕೇಳಿದೆ: "ನಿಮಗೇನು ನೋಡಬೇಕು ಅಂತ ಆಸೆ, ಅತ್ತೆ?" ಚಾಮುಂಡಿ ಬೆಟ್ಟ ಅನ್ನುತ್ತಾರೆಂದುಕೊಂಡಿದ್ದೆ. ಅವರು ಸ್ವಲ್ಪ ಸಂಕೋಚದಿಂದ, "ನಮ್ಮ ನಡುಮನೇಲಿ ಇದೆಯಲ್ಲ, ದೀಪ ಹಿಡಿದ ಹುಡುಗಿ ಪಟ... ಅದರ ಮೂಲ ಮೈಸೂರಲ್ಲೇ ಇದೆಯಂತೆ. ಒಂದು ಸಲ ನೋಡ್ಬೇಕು ಕಣಮ್ಮ" ಎಂದರು.

ಯಾವುದೋ ಕ್ಯಾಲೆಂಡರಿನ ಆ ಚಿತ್ರಕ್ಕೆ ಅವರು ಕಟ್ಟು ಹಾಕಿಸಿ ನಲವತ್ತು ವರ್ಷದ ಮೇಲಾಯಿತು. ನಾನು ಈ ಮನೆಗೆ ಬಂದು ಇಪ್ಪತ್ತೆರಡು ವರ್ಷ. ಅಷ್ಟು ದಿನವೂ ಪಟದ ಧೂಳು ಒರೆಸಿದ್ದೆನೇ ಹೊರತು, ಒಮ್ಮೆಯೂ ಅವರನ್ನು ಈ ಮಾತು ಕೇಳಿರಲಿಲ್ಲ!

ದೀಪದ ಹುಡುಗಿ

ಆ ಚಿತ್ರವಿರುವುದು ಜಗನ್ಮೋಹನ ಅರಮನೆಯ ಚಿತ್ರಶಾಲೆಯಲ್ಲಿ. 1861ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ಕಟ್ಟಿಸಿದ ಅರಮನೆ ಇದು. ರಾಜಾ ರವಿವರ್ಮನ ಚಿತ್ರಗಳೂ ಇಲ್ಲಿವೆ. ದೀಪದ ಹುಡುಗಿಯೂ ಆತನದೇ ಎಂದು ಬಹಳ ಜನ ನಂಬಿದ್ದಾರೆ, ನಾವೂ ನಂಬಿದ್ದೆವು. ಅಲ್ಲವಂತೆ! ಅದನ್ನು ಬರೆದವರು ಎಸ್.ಎಲ್. ಹಲ್ದಂಕರ್. ದೀಪ ಹಿಡಿದು ನಿಂತವಳು ಅವರ ಮಗಳು ಗೀತಾ. ಅದು ಎಣ್ಣೆಬಣ್ಣವೂ ಅಲ್ಲ, ಜಲವರ್ಣ. ಆ ಗೀತಾ 102 ವರ್ಷ ಬಾಳಿ, 2018ರಲ್ಲಿ ತೀರಿಕೊಂಡರು.

ಬಸ್ಸಿನಲ್ಲಿ "ಮಂಡಿ ನೋವು, ಮಂಡಿ ನೋವು" ಎನ್ನುತ್ತಿದ್ದ ಅತ್ತೆಯವರು ಆ ಚಿತ್ರದ ಮುಂದೆ ಕಾಲು ಗಂಟೆ ನಿಂತೇ ಇದ್ದರು. "ಬೆರಳ ಸಂದೀಲಿ ಕೆಂಪು ಹೇಗೆ ಕಾಣುತ್ತೆ ನೋಡು. ನಮ್ಮನೆ ಪಟದಲ್ಲಿ ಇದು ಇಲ್ಲವೇ ಇಲ್ಲ" ಎಂದರು. ನಾನು ಬೇಗ ಬನ್ನಿ ಎನ್ನಲಿಲ್ಲ.

ಸಂಜೆ ಅಲ್ಲಿಂದ ದೇವರಾಜ ಮಾರುಕಟ್ಟೆಗೆ ನಡೆದೇ ಹೋದೆವು. ಗೋಪುರದಂತೆ ಒಟ್ಟಿದ ಕುಂಕುಮ, ವೀಳ್ಯದೆಲೆ, ನಂಜನಗೂಡು ರಸಬಾಳೆ, ಮೊಳ ಹಾಕಿ ಕೊಡುವ ಮೈಸೂರು ಮಲ್ಲಿಗೆ! ಏನೂ ಕೊಳ್ಳದಿದ್ದರೂ ಒಂದು ಸುತ್ತು ಹಾಕಲೇಬೇಕು.

ಒಬ್ಬ ರಾಣಿಯ ಧೈರ್ಯ

ಭಾನುವಾರ ಬೆಳಿಗ್ಗೆ ಚಾಮುಂಡಿ ಬೆಟ್ಟ. ಸುಮಾರು ಸಾವಿರ ಮೆಟ್ಟಿಲುಗಳಿವೆ. ಹತ್ತಲಾರದವರಿಗೆ ಸಿಟಿ ಬಸ್ಸಿದೆ. ಮಧ್ಯಾಹ್ನ ದೊಡ್ಡ ಅರಮನೆ. ಅಂಬಾವಿಲಾಸದ ಕಂಬಗಳನ್ನು, ಬಣ್ಣದ ಗಾಜಿನ ಕಲ್ಯಾಣ ಮಂಟಪವನ್ನು ಎಲ್ಲರೂ ಹೊಗಳುತ್ತಾರೆ. ಆದರೆ ನಾವು ಹೆಂಗಸರು ತಿಳಿಯಬೇಕಾದ ಒಂದು ಸಂಗತಿಯಿದೆ. 1894ರಲ್ಲಿ ಚಾಮರಾಜ ಒಡೆಯರು ತೀರಿಕೊಂಡಾಗ ಮಗ ಕೃಷ್ಣರಾಜ ಒಡೆಯರಿಗೆ ಹತ್ತು ವರ್ಷ. ರಾಜ್ಯದ ಹೊಣೆ ಹೊತ್ತವರು ರಾಣಿ ಕೆಂಪನಂಜಮ್ಮಣ್ಣಿಯವರು. 1897ರಲ್ಲಿ ಮಗಳ ಮದುವೆಯ ಸಂದರ್ಭದಲ್ಲೇ ಹಳೆಯ ಮರದ ಅರಮನೆ ಬೆಂಕಿಗೆ ಆಹುತಿಯಾಯಿತು. ಆಕೆ ಕೈಕಟ್ಟಿ ಕೂರಲಿಲ್ಲ. ಅದೇ ಜಾಗದಲ್ಲಿ ಹೊಸ ಅರಮನೆಯ ಕೆಲಸ ಶುರು ಮಾಡಿಸಿದರು. 1912ರಲ್ಲಿ ಮುಗಿದ ಅದನ್ನೇ ನಾವಿಂದು ನೋಡುತ್ತಿರುವುದು.

ಭಾನುವಾರ ಮತ್ತು ಸರ್ಕಾರಿ ರಜಾದಿನಗಳ ಸಂಜೆ ಅರಮನೆಗೆ ಸುಮಾರು ಲಕ್ಷ ಬಲ್ಬುಗಳ ದೀಪಾಲಂಕಾರ. ಒಂದೇ ಕ್ಷಣಕ್ಕೆ ಎಲ್ಲವೂ ಹೊತ್ತಿಕೊಂಡಾಗ ಸುತ್ತಲಿದ್ದವರೆಲ್ಲ "ಹೋ!" ಎಂದರು. ಅತ್ತೆಯವರೂ ಎಂದರು.

ಹೊರಡುವವರಿಗೆ ನಾಲ್ಕು ಮಾತು

* ದಿನಕ್ಕೆ ಎರಡು ಮೂರು ಜಾಗ ಸಾಕು. ಹತ್ತು ಜಾಗ ಓಡಿದರೆ ಕಾಲು ನೋವೊಂದೇ ನೆನಪಿರುತ್ತದೆ.

* ಮೃಗಾಲಯಕ್ಕೆ ಮಂಗಳವಾರ ರಜ. ಮಕ್ಕಳಿಗೆ ಆಸೆ ಹುಟ್ಟಿಸುವ ಮುಂಚೆ ವಾರ ನೋಡಿಕೊಳ್ಳಿ.

* "ಮೈಸೂರು ಸಿಲ್ಕ್" ಎಂದು ಕೂಗಿದ್ದೆಲ್ಲ ಮೈಸೂರು ಸಿಲ್ಕ್ ಅಲ್ಲ. ಹಿಂದೊಮ್ಮೆ ನಾನು ಅಗ್ಗಕ್ಕೆ ಕೊಂಡ ಸೀರೆ ಮೊದಲ ಒಗೆತಕ್ಕೇ ಬಣ್ಣ ಬಿಟ್ಟಿತು. ಸರ್ಕಾರಿ ರೇಷ್ಮೆ ಮಳಿಗೆಯ ಅಸಲಿ ಸೀರೆಯ ಮೇಲೆ ಅದರದೇ ಸಂಖ್ಯೆ ನೇಯ್ದಿರುತ್ತದೆ. ಅದನ್ನು ಕೇಳಿ ನೋಡಿ.

* ನೆಂಟರ ಮನೆಯಲ್ಲಿ ಇಳಿದುಕೊಂಡರೆ "ಮಧ್ಯಾಹ್ನದ ಊಟಕ್ಕೆ ಕಾಯಬೇಡಿ" ಎಂದು ಮೊದಲೇ ಹೇಳಿಬಿಡಿ. ಅವರಿಗೂ ಹಗುರ, ನಿಮಗೂ ಹಗುರ. ನಾವು ಕಟ್ಟಿಕೊಂಡು ಹೋಗಿದ್ದ ಪುಳಿಯೋಗರೆ ಒಂದು ದಿನಕ್ಕಾಯಿತು, ಇನ್ನೊಂದು ದಿನ ಮಸಾಲೆ ದೋಸೆ.

ಊರಿಗೆ ಮರಳಿ ಎರಡು ತಿಂಗಳಾಯಿತು. ಮನೆಗೆ ಯಾರೇ ಬರಲಿ, ಅತ್ತೆಯವರು ನಡುಮನೆಯ ಪಟದ ಮುಂದೆ ನಿಲ್ಲಿಸಿ, "ಇದು ರವಿವರ್ಮಂದಲ್ಲ, ತಿಳೀತಾ? ಸ್ವಂತ ಮಗಳನ್ನೇ ನಿಲ್ಲಿಸಿಕೊಂಡು ಬರೆದದ್ದು. ನಾನೇ ನೋಡಿ ಬಂದಿದ್ದೀನಿ" ಎನ್ನುತ್ತಾರೆ.

ನಿಮ್ಮ ಮನೆಯಲ್ಲೂ ಅತ್ತೆಯೋ ಅಮ್ಮನೋ ಇದ್ದರೆ, ಇವತ್ತೇ ಒಂದು ಮಾತು ಕೇಳಿ ನೋಡಿ. ಹಾಗೆಯೇ ನಿಮಗೇನು ನೋಡಬೇಕೆಂಬುದನ್ನೂ ಮನೆಯವರ ಕಿವಿಗೆ ಹಾಕಿಡಿ!