ಬಗರ್‌ಹುಕುಂ ಸಾಗುವಳಿ: ಉತ್ತವನಿಗೆ ಹಕ್ಕು ಬರುವುದು ಹೇಗೆ?

ಬೆಂಗಳೂರು: ಸರಕಾರಿ ಜಮೀನನ್ನು ತಲೆಮಾರಿನಿಂದ ಉಳುತ್ತಿದ್ದರೂ ಹಲವು ರೈತ ಕುಟುಂಬಗಳು ಕಾನೂನಿನ ದೃಷ್ಟಿಯಲ್ಲಿ ಒತ್ತುವರಿದಾರರೇ ಆಗಿವೆ. ಬೆಳೆಸಾಲ, ಪರಿಹಾರಗಳಿಗೆಲ್ಲ ಪಹಣಿಯೇ ಆಧಾರವಾದ್ದರಿಂದ ಈ ಕುಟುಂಬಗಳ ಪಾಲಿಗೆ ಹಕ್ಕುಪತ್ರ ಬದುಕಿನ ಪ್ರಶ್ನೆಯಾಗಿದೆ.

ಬಗರ್‌ಹುಕುಂ ಎಂದರೆ 'ಹುಕುಂ ಇಲ್ಲದೆ', ಅಂದರೆ ಸರಕಾರದ ಆದೇಶವಿಲ್ಲದೆ ಮಾಡುವ ಸಾಗುವಳಿ. ಇದನ್ನು ಸಕ್ರಮಗೊಳಿಸಲು 1964ರ ಕರ್ನಾಟಕ ಭೂ ಕಂದಾಯ ಕಾಯ್ದೆಯ 94-ಎ ಕಲಮು ಅವಕಾಶ ಕಲ್ಪಿಸಿದೆ. ನಮೂನೆ 50 ಮತ್ತು 53ರ ಅರ್ಜಿಗಳು 1990ರ ಏಪ್ರಿಲ್ 14ಕ್ಕೆ ಮೊದಲಿನ ಸಾಗುವಳಿಗೆ ಸಂಬಂಧಿಸಿದವು. 2018ರ ತಿದ್ದುಪಡಿಯ ಬಳಿಕ ಬಂದ ನಮೂನೆ 57, 2005ರ ಜನವರಿ 1ಕ್ಕೆ ಮೊದಲಿನ ಸಾಗುವಳಿಗೆ ಅನ್ವಯಿಸುತ್ತದೆ.

ಅರ್ಜಿಗಳನ್ನು ತಾಲೂಕು ಮಟ್ಟದ ಸಮಿತಿ ಪರಿಶೀಲಿಸುತ್ತದೆ. ತಹಶೀಲ್ದಾರರು ಇದರ ಸದಸ್ಯ ಕಾರ್ಯದರ್ಶಿ. ಸಮಿತಿ ಒಪ್ಪಿ, ನಿಗದಿತ ಮೊತ್ತ ಪಾವತಿಯಾದ ನಂತರ ಸಾಗುವಳಿ ಚೀಟಿ ನೀಡಲಾಗುತ್ತದೆ. ಆಮೇಲೆ ಪಹಣಿಯಲ್ಲಿ ಹೆಸರು ದಾಖಲಾಗುತ್ತದೆ. ಸಾಗುವಳಿ ನಿಜವೇ ಎಂಬುದನ್ನು ಉಪಗ್ರಹ ಚಿತ್ರಗಳ ನೆರವಿನಿಂದಲೂ ಪರೀಕ್ಷಿಸುವ ಕ್ರಮವನ್ನು ಕಂದಾಯ ಇಲಾಖೆ ಈಚೆಗೆ ಅಳವಡಿಸಿಕೊಂಡಿದೆ.

ಆದರೆ ಎಲ್ಲ ಜಮೀನೂ ಸಕ್ರಮವಾಗದು. ಅರಣ್ಯ ಭೂಮಿಗೆ 1980ರ ಅರಣ್ಯ ಸಂರಕ್ಷಣಾ ಕಾಯ್ದೆ ಅಡ್ಡಿಯಾಗುತ್ತದೆ. ಬೆಂಗಳೂರು ನಗರದ ಗಡಿಯಿಂದ 18 ಕಿ.ಮೀ. ವ್ಯಾಪ್ತಿಯಲ್ಲಿ ಸಕ್ರಮಕ್ಕೆ ನಿರ್ಬಂಧವಿದೆ. ಇತರ ನಗರಗಳ ಸುತ್ತಲೂ ಅಂತರದ ಮಿತಿಯುಂಟು. ಗ್ರಾಮದ ಜಾನುವಾರುಗಳಿಗೆ ಬೇಕಾದ ಗೋಮಾಳವನ್ನೂ ಉಳಿಸಬೇಕು.

ಜಮೀನು ಕೊಳ್ಳುವ ನಗರವಾಸಿಗಳಿಗೂ ಇಲ್ಲಿ ಎಚ್ಚರಿಕೆಯಿದೆ. ಕೇವಲ ಅರ್ಜಿಯ ಸ್ವೀಕೃತಿ ಪತ್ರ ಮಾಲೀಕತ್ವದ ದಾಖಲೆಯಲ್ಲ. ಮಂಜೂರಾದ ಜಮೀನಿಗೂ ಪರಭಾರೆ ನಿಷೇಧದ ಅವಧಿಯಿರುತ್ತದೆ. ಪರಿಶಿಷ್ಟ ಜಾತಿ, ಪಂಗಡದವರಿಗೆ ಮಂಜೂರಾದ ಭೂಮಿಯನ್ನು ಸರಕಾರದ ಪೂರ್ವಾನುಮತಿ ಇಲ್ಲದೆ ಕೊಂಡರೆ, 1978ರ ಪಿಟಿಸಿಎಲ್ ಕಾಯ್ದೆಯಂತೆ ಆ ಕ್ರಯ ಅಸಿಂಧುವಾಗುತ್ತದೆ.