ಅಮ್ಮನ ಮಳೆಗಾಲಕ್ಕೊಂದು ಏರ್ಪಾಡು

2023ರ ಜುಲೈ. ಎರಡನೇ ಸುತ್ತಿನ ಬೋರ್ಡೋ ಸಿಂಪಡಣೆ ತಡವಾಗಿತ್ತು. ಮಳೆ ಎರಡು ದಿನ ಬಿಡುವು ಕೊಟ್ಟಾಗ ಹೇಗೋ ಜನ ಸಿಕ್ಕಿದರು. ನಾನು ತೋಟದಲ್ಲಿ, ಹೆಂಡತಿ ಮದ್ದು ಕಲಸುವಲ್ಲಿ. ಮನೆಯಲ್ಲಿ 81 ವರ್ಷದ ಅಮ್ಮ ಒಬ್ಬರೇ. ಊಟಕ್ಕೆಂದು ಬಂದು ನೋಡಿದರೆ ಅಮ್ಮ ಬಚ್ಚಲಿನಲ್ಲಿ ಬಿದ್ದಿದ್ದಾರೆ. ಬಿದ್ದು ಎರಡು ಗಂಟೆ ಕಳೆದಿತ್ತು. ಕೂಗಿದರಂತೆ. ಪಂಪಿನ ಸದ್ದಿನಲ್ಲಿ ಯಾರಿಗೆ ಕೇಳಬೇಕು?

ಪುಣ್ಯಕ್ಕೆ ಸೊಂಟದ ಎಲುಬಿಗೆ ಏನೂ ಆಗಿರಲಿಲ್ಲ. ಬಲಗೈ ಮಣಿಕಟ್ಟು ಮುರಿದಿತ್ತು. ಕೈ ಆರು ವಾರದಲ್ಲಿ ಕೂಡಿತು. ಆದರೆ ನನ್ನ ಹೆದರಿಕೆ ಹೋಗಲಿಲ್ಲ. ಬಚ್ಚಲಿನ ಚಿಲಕ ಕಿತ್ತು ಹಾಕಿದೆ. "ಅಡಿಗೆ ಕೋಣೆಗೆ ಹೋಗ್ಬೇಡ, ಅಂಗಳಕ್ಕೆ ಇಳಿಯಬೇಡ, ಕರುವಿನ ಹತ್ತಿರ ಹೋಗ್ಬೇಡ" ಅಂತ ಒಂದೊಂದೇ ಕಟ್ಟುಪಾಡು. ಮೂರು ತಿಂಗಳಲ್ಲಿ ಅಮ್ಮ ಮಾತೇ ಕಡಿಮೆ ಮಾಡಿದರು. ನಾವು ತೋಟಕ್ಕೆ ಹೋದರೆ ಇಡೀ ದಿನ ಗೋಡೆ ನೋಡಿಕೊಂಡು ಕೂರುವುದು. ಮನೆಯಲ್ಲಿಟ್ಟುಕೊಂಡಿದ್ದೇವೆ ಎಂಬ ಸಮಾಧಾನ ನಮಗಿತ್ತು, ಅಮ್ಮನಿಗೆ ಇರಲಿಲ್ಲ.

ಹೋಂ ನರ್ಸ್ ತರಿಸಿದೆವು. ಮೊದಲನೆಯವಳು 20 ದಿನಕ್ಕೆ ಹೊರಟಳು. ಎರಡನೆಯವಳು ಒಳ್ಳೆಯವಳೇ. ಆದರೆ ಮಳೆಗಾಲದಲ್ಲಿ ಬಸ್ಸಿಳಿದು ನಮ್ಮ ಮನೆಗೆ ಎರಡು ಕಿಲೋಮೀಟರು ಕೆಸರು ದಾರಿ, ಸಂಜೆ ಕರೆಂಟಿಲ್ಲ. ಅವಳೂ ನಿಲ್ಲಲಿಲ್ಲ. ಆಗ ಬೆಂಗಳೂರಿನ ತಮ್ಮ 'ಅಸಿಸ್ಟೆಡ್ ಲಿವಿಂಗ್' ಅಂತ ಹೇಳಿದ. ನನಗೆ ಸಿಟ್ಟು ಬಂತು. ವೃದ್ಧಾಶ್ರಮಕ್ಕೇ ಇಂಗ್ಲಿಷ್ ಹೆಸರು ಅಂದುಕೊಂಡೆ.

ಏನಿದು ವ್ಯವಸ್ಥೆ?

ವಿಚಾರಿಸಿದಾಗ ಗೊತ್ತಾಯ್ತು, ಎರಡೂ ಒಂದಲ್ಲ. ದಿಕ್ಕಿಲ್ಲದವರಿಗೆ ಊಟ, ಆಸರೆ ಕೊಡುವುದು ವೃದ್ಧಾಶ್ರಮದ ಮುಖ್ಯ ಕೆಲಸ. ಅಸಿಸ್ಟೆಡ್ ಲಿವಿಂಗ್ ಅಂದರೆ ಹಣ ಕೊಟ್ಟು ಒಂದು ಕೋಣೆಯಲ್ಲಿರುವುದು. ಯಾವ ಕೆಲಸ ತನ್ನಿಂದಾಗದೋ ಅದಕ್ಕೆ ಮಾತ್ರ ಸಹಾಯ ಪಡೆಯುವುದು. ಇದು ಆಸ್ಪತ್ರೆಯೂ ಅಲ್ಲ. ಹಾಸಿಗೆ ಹಿಡಿದವರಿಗೆ, ನಳಿಕೆಯಲ್ಲಿ ಆಹಾರ ಕೊಡಬೇಕಾದವರಿಗೆ ಇದು ಸಾಲದು. ಅಂಥವರಿಗೆ ನರ್ಸುಗಳಿರುವ ಜಾಗವೇ ಬೇಕು.

ಅಮೆರಿಕದ ಪೋರ್ಟ್‌ಲೆಂಡ್‌ನಲ್ಲಿ 1983ರಲ್ಲಿ ಕೆರೆನ್ ಬ್ರೌನ್ ವಿಲ್ಸನ್ ಎಂಬ ಮಹಿಳೆ ಇಂಥದ್ದೊಂದು ಮನೆ ಶುರು ಮಾಡಿದರು. ಪಾರ್ಶ್ವವಾಯು ಬಡಿದ ಆಕೆಯ ತಾಯಿ ಶುಶ್ರೂಷಾಲಯಗಳಲ್ಲಿ ವರ್ಷಗಟ್ಟಲೆ ಕಳೆದಿದ್ದರು. ಆ ತಾಯಿಗೆ ಬೇಕಾಗಿದ್ದದ್ದು ತನ್ನದೇ ಸಾಮಾನಿರುವ ಒಂದು ಕೋಣೆ, ತಾನೇ ಹಾಕಿಕೊಳ್ಳಬಹುದಾದ ಬಾಗಿಲು. ಇದನ್ನು ಓದಿದ ದಿನ ನಾನು ಕಿತ್ತ ಚಿಲಕದ ನೆನಪಾಯ್ತು.

ಮೊದಲು ಲೆಕ್ಕ ಹಾಕಿ

ಯಾವುದಕ್ಕೆ ಸಹಾಯ ಬೇಕು ಅಂತ ಮೊದಲು ತಿಳಿಯಬೇಕು. ಸಿಡ್ನಿ ಕಾಟ್ಜ್ ಎಂಬ ಅಮೆರಿಕದ ವೈದ್ಯರು 1963ರಲ್ಲಿ ಒಂದು ಪಟ್ಟಿ ಕೊಟ್ಟರು. ಈಗಲೂ ಬಳಕೆಯಲ್ಲಿದೆ. ಆರೇ ಬಾಬತ್ತು: ಸ್ನಾನ, ಬಟ್ಟೆ ಹಾಕಿಕೊಳ್ಳುವುದು, ಪಾಯಿಖಾನೆಗೆ ಹೋಗಿ ಬರುವುದು, ಹಾಸಿಗೆ-ಕುರ್ಚಿಯಿಂದ ಏಳುವುದು, ಮಲಮೂತ್ರದ ಹಿಡಿತ, ಕೈಯಾರೆ ಉಣ್ಣುವುದು. ನಾನು ನೋಟ್‌ಬುಕ್ಕಿನಲ್ಲಿ ಒಂದು ವಾರ ಬರೆದಿಟ್ಟೆ. ಅಮ್ಮನಿಗೆ ಸ್ನಾನಕ್ಕೆ ಒಬ್ಬರು ಬೇಕು, ರಾತ್ರಿ ಏಳುವಾಗ ಒಬ್ಬರು ಹತ್ತಿರವಿರಬೇಕು. ಉಳಿದ ನಾಲ್ಕೂ ಸ್ವಂತ! ನಾನು ಆರಕ್ಕೂ ಅಡ್ಡ ಬಂದಿದ್ದೆ.

ಹಾಗಾಗಿ ಮೊದಲ ರಿಪೇರಿ ಮನೆಯಲ್ಲೇ ಆಯ್ತು. ತೋಟದಲ್ಲಿ ಉಳಿದಿದ್ದ ಒಂದು ಇಂಚಿನ ಜಿಐ ಪೈಪು ಕತ್ತರಿಸಿ ಬಚ್ಚಲಿನಲ್ಲಿ, ಪಾಯಿಖಾನೆಯಲ್ಲಿ ಹಿಡಿಕೆ ಹಾಕಿಸಿದೆ. ನಯವಾಗಿದ್ದ ನೆಲ ಒರಟು ಮಾಡಿಸಿದೆ. ಚಿಲಕ ವಾಪಸು ಬಂತು, ಆದರೆ ಅವಸರಕ್ಕೆ ಹೊರಗಿನಿಂದಲೂ ತೆಗೆಯಬಹುದಾದ ನಮೂನೆಯದ್ದು. ಮಂಚದಿಂದ ಪಾಯಿಖಾನೆವರೆಗೆ ರಾತ್ರಿಯಿಡೀ ಸಣ್ಣ ದೀಪ. ಬತ್ತಿ ಹೊಸೆಯುವುದು, ತರಕಾರಿ ಬಿಡಿಸುವುದು ಮತ್ತೆ ಅಮ್ಮನ ಕೆಲಸವಾಯ್ತು. ಬೇಸಿಗೆಗೆ ಇಷ್ಟು ಸಾಕು. ಮಳೆಗಾಲ ಮಾತ್ರ ಬಗೆಹರಿಯಲಿಲ್ಲ.

ನೋಡಲು ಹೋದಾಗ

ಮಂಗಳೂರಿನ ಆಸುಪಾಸಿನಲ್ಲಿ ಮೂರು ಕಡೆ ನೋಡಿದೆವು. ಮೂರನೆಯದಕ್ಕೆ ಅಮ್ಮನನ್ನೂ ಕರೆದುಕೊಂಡು ಹೋದೆವು. ಅನುಭವದಿಂದ ಹೇಳುವುದಾದರೆ, ಬಣ್ಣದ ಪುಸ್ತಿಕೆ ನೋಡಿ ಮರುಳಾಗಬೇಡಿ. ಊಟದ ಹೊತ್ತಿಗೆ ಹೋಗಿ. ಅಲ್ಲಿರುವ ಹಿರಿಯರ ಹತ್ತಿರ ಮಾತಾಡಿ. ಮತ್ತೆ ಇಷ್ಟು ಕೇಳಿ:

1. ರಾತ್ರಿ ಎಷ್ಟು ಮಂದಿಗೆ ಎಷ್ಟು ಆಳು? ಹಗಲಿನ ಲೆಕ್ಕ ಎಲ್ಲರೂ ಹೇಳುತ್ತಾರೆ.

2. ತಿಂಗಳ ಹಣದಲ್ಲಿ ಏನು ಸೇರಿಲ್ಲ? ಮದ್ದು, ಡೈಪರ್, ಫಿಸಿಯೋಥೆರಪಿ, ಆಸ್ಪತ್ರೆಗೆ ಒಯ್ಯುವ ವಾಹನ ಸಾಮಾನ್ಯವಾಗಿ ಬೇರೆ.

3. ಹಾಸಿಗೆ ಹಿಡಿದರೆ, ಮರೆವು ಹೆಚ್ಚಾದರೆ ಇಟ್ಟುಕೊಳ್ಳುತ್ತೀರಾ, ವಾಪಸು ಕಳಿಸುತ್ತೀರಾ?

4. ನಡುವಿನಲ್ಲಿ ಬಿಟ್ಟರೆ ಮುಂಗಡ ಎಷ್ಟು ಸಿಗುತ್ತದೆ? ಬಾಯಿಮಾತು ಬೇಡ, ಕಾಗದದಲ್ಲಿ ಇರಲಿ.

5. ನಾವು ಯಾವಾಗ ಬೇಕಾದರೂ ಬರಬಹುದೇ?

ಅಮ್ಮ ಕೇಳಿದ್ದು ಒಂದೇ ಪ್ರಶ್ನೆ: "ಬಾಗಿಲಿಗೆ ಒಳಗಿಂದ ಚಿಲಕ ಉಂಟಾ?" ಇತ್ತು.

ಆದರೂ ಅಮ್ಮ ಬರುವ ದಾರಿಯಲ್ಲಿ ಏನೂ ಮಾತಾಡಲಿಲ್ಲ. ಮನೆ ಮುಟ್ಟಿದ ಮೇಲೆ, "ನನ್ನನ್ನು ಹೊರಗೆ ಹಾಕುವುದಾ ಮಗಾ?" ಅಂದರು. ಉತ್ತರ ಹೇಳಲು ನನಗೆ ನಾಲಿಗೆ ಬರಲಿಲ್ಲ. ಹೆಂಡತಿಯೇ ಹೇಳಿದಳು, "ಅತ್ತೆ, ಮಳೆಗಾಲಕ್ಕೆ ಮಾತ್ರ. ನವರಾತ್ರಿಗೆ ನಾವೇ ಬಂದು ಕರೆದುಕೊಂಡು ಬರ್ತೇವೆ. ಒಂದು ತಿಂಗಳು ನೋಡಿ, ಬೇಡ ಅನಿಸಿದರೆ ಮರುದಿನವೇ ಮನೆಗೆ." ಅಮ್ಮ ಎರಡು ದಿನ ಯೋಚಿಸಿ ಒಪ್ಪಿದರು.

ಖರ್ಚು ಮತ್ತು ಜಾಗ

ನಮಗೆ ಆದದ್ದು ತಿಂಗಳಿಗೆ 28,000 ರೂಪಾಯಿ, ಮದ್ದು ಬೇರೆ. ಅರ್ಧ ಕ್ವಿಂಟಾಲಿಗಿಂತ ಹೆಚ್ಚು ಚಾಲಿ ಅಡಿಕೆಯ ದುಡ್ಡು! ನಾಲ್ಕು ತಿಂಗಳಿಗೆ 1,12,000. ನಾನೊಬ್ಬನೇ ಆದರೆ ಸಾಧ್ಯವೇ ಇರಲಿಲ್ಲ. ಅರ್ಧ ತಮ್ಮ, ಉಳಿದದ್ದು ನಾನು ಮತ್ತು ತಂಗಿ. ಯಾರು ಎಷ್ಟು ಅಂತ ಮೊದಲೇ ಬರೆದುಕೊಂಡದ್ದರಿಂದ ಜಗಳವಾಗಲಿಲ್ಲ.

ಹಣದ ಮಾತು ಬಂದಲ್ಲಿ ಜಾಗದ ಮಾತೂ ಬರುತ್ತದೆ. "ಜಾಗ ನನ್ನ ಹೆಸರಿಗೆ ಮಾಡು, ನೋಡಿಕೊಳ್ತೇನೆ" ಎಂಬ ಮಾತಿಗೆ ಹಿರಿಯರು ಸಹಿ ಹಾಕುವ ಮೊದಲು 2007ರ ಪಾಲಕರ ಮತ್ತು ಹಿರಿಯ ನಾಗರಿಕರ ಕಾಯಿದೆಯನ್ನು ತಿಳಿದಿರಬೇಕು. ನೋಡಿಕೊಳ್ಳಬೇಕು ಎಂಬ ಷರತ್ತಿನ ಮೇಲೆ ಕೊಟ್ಟ ಆಸ್ತಿಯನ್ನು, ನೋಡಿಕೊಳ್ಳದಿದ್ದರೆ ರದ್ದು ಮಾಡಿಸಲು ಅದರ 23ನೇ ಕಲಮಿನಲ್ಲಿ ಅವಕಾಶವಿದೆ. ಆದರೆ ಷರತ್ತು ಇತ್ತೋ ಇಲ್ಲವೋ ಎಂಬಲ್ಲೇ ಎಷ್ಟೋ ವ್ಯಾಜ್ಯ ನಿಲ್ಲುತ್ತದೆ. ದಾನಪತ್ರದಲ್ಲೇ ಅದನ್ನು ಸ್ಪಷ್ಟವಾಗಿ ಬರೆಸಿ. ದೂರು ಕೊಡುವುದು ಉಪವಿಭಾಗದ ಎಸಿಯವರ ನ್ಯಾಯಮಂಡಳಿಗೆ. ಸಲಹೆ ಬೇಕಾದರೆ ಹಿರಿಯರ ಸಹಾಯವಾಣಿ 14567 ಇದೆ.

ಎರಡು ಮಳೆಗಾಲದ ನಂತರ

2024ರ ಜೂನಿನಲ್ಲಿ ಅಮ್ಮ ಹೋದರು. ಊರಲ್ಲಿ ಮಾತು ಬಂತು. ಒಂದು ಮದುವೆ ಊಟದ ಪಂಕ್ತಿಯಲ್ಲೇ ಒಬ್ಬರು "ಅಮ್ಮನನ್ನು ಆಶ್ರಮಕ್ಕೆ ಹಾಕಿದಿರಂತೆ" ಅಂದರು. ಬಚ್ಚಲಿನಲ್ಲಿ ಬಿದ್ದ ದಿನ ಅವರು ಬಂದಿರಲಿಲ್ಲ ಅಂತ ಹೇಳಬೇಕೆನಿಸಿತು. ಹೇಳಲಿಲ್ಲ.

ಎಲ್ಲವೂ ಸರಿಯಾಗಿತ್ತು ಅಂತ ಬರೆದರೆ ಸುಳ್ಳಾಗುತ್ತದೆ. ಮೊದಲ ಹದಿನೈದು ದಿನ ಅಮ್ಮ ಫೋನಿನಲ್ಲಿ ಅತ್ತರು. ಸಾರಿಗೆ ಹುಳಿ ಸಾಲದು ಎಂಬ ದೂರು ಕೊನೆಯವರೆಗೂ ಇತ್ತು. ಆದರೆ ಪಕ್ಕದ ಕೋಣೆಯ ನಿವೃತ್ತ ಟೀಚರಮ್ಮನ ಗೆಳೆತನವಾಯ್ತು. ಇಬ್ಬರೂ ಸೇರಿ ಬತ್ತಿ ಹೊಸೆಯುತ್ತಿದ್ದರು. ನಾವು ವಾರಕ್ಕೊಮ್ಮೆ ಹೋಗುವುದನ್ನು ತಪ್ಪಿಸಲಿಲ್ಲ. ನವರಾತ್ರಿಗೆ ಮನೆಗೆ ಬಂದವರು ಮೊದಲು ಹೋದದ್ದು ಕರುವಿನ ಹತ್ತಿರ.

2025ರ ಮೇ ಕೊನೆಗೆ ನಾನು ಕೇಳುವ ಮೊದಲೇ ಅಮ್ಮ ಹೇಳಿದರು, "ಈ ಸರ್ತಿ ಹತ್ತಿ ಜಾಸ್ತಿ ಕಟ್ಟಿ ಕೊಡು. ಟೀಚರಿಗೂ ಬೇಕು."

ಇದೇ ಸರಿ ಅಂತ ನಾನು ಹೇಳುವುದಿಲ್ಲ. ಎಲ್ಲರ ಕೈಗೆಟಕುವ ಖರ್ಚೂ ಅಲ್ಲ. ಆದರೆ ಆರು ಬಾಬತ್ತಿನ ಪಟ್ಟಿಗೆ ಖರ್ಚಿಲ್ಲ, ಜಿಐ ಪೈಪಿಗೆ ಹೆಚ್ಚಿನ ಖರ್ಚಿಲ್ಲ. ಆಗದ್ದಕ್ಕೆ ಕೈ ಕೊಡಿ, ಆಗುವುದನ್ನು ಅವರಿಗೇ ಬಿಡಿ. ನಿಮ್ಮ ಮನೆಯಲ್ಲಿ ಬೇರೆ ಏರ್ಪಾಡು ಮಾಡಿದ್ದರೆ ಪತ್ರಿಕೆಗೆ ಬರೆಯಿರಿ. ನಾಳೆ ನಮಗೂ ವಯಸ್ಸಾಗುತ್ತದೆ.